ಅನುಕಂಪಕ್ಕೆ ಅಂಕ ಕೊಡಬಹುದೇ?



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಬಿ.ಎಸ್.ಡಬ್ಲ್ಯೂ. ಓದುತ್ತಿರುವ ಮಗನೋ ಮಗಳೋ ಇರಬಹುದು. ಕನ್ನಡದಲ್ಲಿ ಅದನ್ನು ಸಮಾಜಕಾರ್ಯ ಪದವಿ ಎನ್ನುತ್ತೇವೆ. "ಬಡವರಿಗೆ ಸಹಾಯ ಮಾಡುವುದಕ್ಕೂ ಪರೀಕ್ಷೆ ಬರೆಯಬೇಕೇ ಫಾದರ್?" ಎಂದು ಅಂಥ ಒಬ್ಬ ವಿದ್ಯಾರ್ಥಿಯ ತಂದೆ ಭಾನುವಾರದ ಪೂಜೆಯ ನಂತರ ನನ್ನನ್ನು ಕೇಳಿದರು. ಅವರು ಕೇಳಿದ್ದು ನಗುತ್ತಲೇ. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ಗಣಿತದಲ್ಲಿ ಲೆಕ್ಕ ಸರಿಯೋ ತಪ್ಪೋ ಎಂದು ನೋಡಿ ಅಂಕ ಹಾಕಬಹುದು. ಕಷ್ಟದಲ್ಲಿರುವವರ ಮಾತನ್ನು ತಾಳ್ಮೆಯಿಂದ ಕೇಳಲು ಈ ಹುಡುಗಿ ಕಲಿತಳೇ, ಕೇಳಿದ್ದನ್ನು ತನ್ನೊಳಗೇ ಇಟ್ಟುಕೊಳ್ಳಲು ಕಲಿತಳೇ ಎಂಬುದಕ್ಕೆ ನೂರಕ್ಕೆ ಎಷ್ಟು ಎಂದು ಹೇಗೆ ಹೇಳುವುದು? ಹಾಗೆ ಹೇಳುವ ಹಕ್ಕಾದರೂ ಯಾರಿಗಿದೆ?

ಉತ್ತರ ಹುಡುಕುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಈ ಪದವಿಯ ವಿದ್ಯಾರ್ಥಿಗಳು ತರಗತಿಯಲ್ಲಿ ಕುಳಿತು ಓದುವುದಷ್ಟೇ ಅಲ್ಲ. ಕ್ಷೇತ್ರಕಾರ್ಯವೆಂದು ವಾರದಲ್ಲಿ ಒಂದೆರಡು ದಿನ ಆಸ್ಪತ್ರೆ, ಶಾಲೆ, ಸೇವಾಸಂಸ್ಥೆ, ಕೊಳೆಗೇರಿಗಳಿಗೆ ಹೋಗಿ ಕೆಲಸ ಕಲಿಯುತ್ತಾರೆ. ಹಿಂದೆ ನಾನಿದ್ದ ಧರ್ಮಕೇಂದ್ರಕ್ಕೂ ಹೀಗೆ ಒಬ್ಬ ವಿದ್ಯಾರ್ಥಿನಿ ಬಂದಳು. ಚುರುಕು ಹುಡುಗಿ, ನಗುಮುಖ. ಮಹಿಳಾ ಸಂಘದ ಲೆಕ್ಕದ ಪುಸ್ತಕವನ್ನು ಸರಿಪಡಿಸಿದಳು, ವಿಧವಾ ವೇತನದ ಅರ್ಜಿಗಳನ್ನು ತುಂಬಿಕೊಟ್ಟಳು. ವರ್ಷದ ಕೊನೆಗೆ ಕಾಲೇಜಿನಿಂದ ಒಂದು ಫಾರಂ ಬಂತು. ಸಮಯಪಾಲನೆ, ಜನರೊಂದಿಗೆ ಬೆರೆಯುವುದು, ವರದಿ ಬರೆಯುವುದು, ಅನುಕಂಪ, ಗುಟ್ಟು ಕಾಪಾಡುವುದು, ಹೀಗೆ ಹತ್ತು ಸಾಲುಗಳು. ಪ್ರತಿಯೊಂದಕ್ಕೂ ಐದರಲ್ಲಿ ಎಷ್ಟು ಎಂದು ಬರೆಯಬೇಕು. ನಮಗೋ ಧರ್ಮಕೇಂದ್ರದ ಹಬ್ಬದ ಗಡಿಬಿಡಿ. ಎರಡೇ ನಿಮಿಷದಲ್ಲಿ ಎಲ್ಲಕ್ಕೂ ಐದು ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದೆ.

ಹಾಗೆ ಬರೆಯುವಾಗ ಒಂದು ನೆನಪು ಮನಸ್ಸನ್ನು ಚುಚ್ಚದೆ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ನನ್ನ ಕಚೇರಿಯ ಜಗಲಿಯಲ್ಲಿ ನಿಂತು, ನಾಲ್ಕು ಜನ ಕೇಳುವಂತೆ, ಒಂದು ಮನೆಯ ಗಂಡಹೆಂಡಿರ ಜಗಳದ ವಿಷಯ ಹೇಳಿದ್ದಳು. ತಿದ್ದಬೇಕು ಎನಿಸಿತ್ತು. ಪಾಪ, ಒಳ್ಳೆಯ ಹುಡುಗಿ, ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಸುಮ್ಮನಾಗಿದ್ದೆ.

ಫಾರಂ ಕಳುಹಿಸಿ ಒಂದು ತಿಂಗಳಾಗಿರಬಹುದು. ಸಂಘಕ್ಕೆ ತಪ್ಪದೆ ಬರುತ್ತಿದ್ದ ಒಬ್ಬ ತಾಯಿ ಬರುವುದನ್ನೇ ನಿಲ್ಲಿಸಿದರು. ವಿಚಾರಿಸಲು ಮನೆಗೆ ಹೋದೆ. "ಏನಮ್ಮಾ, ಸಂಘದ ಕಡೆ ಕಾಣುತ್ತಿಲ್ಲವಲ್ಲ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಫಾದರ್, ನಮ್ಮ ಸಾಲದ ಕಥೆಯನ್ನು ಆ ಹುಡುಗಿ ಮೀಟಿಂಗಿನಲ್ಲಿ ಉದಾಹರಣೆ ಅಂತ ಹೇಳಿಬಿಟ್ಟಳು. ಹೆಸರು ಹೇಳಲಿಲ್ಲ, ಅದು ನಿಜ. ಆದರೆ ಬಡ್ಡಿ ಕಟ್ಟಲಾರದೆ ಆಟೋ ಮಾರಿದವರು ನಮ್ಮ ಬೀದಿಯಲ್ಲಿ ಎಷ್ಟು ಮನೆಯವರಿದ್ದಾರೆ?"

ಗುಟ್ಟು ಕಾಪಾಡುವುದಕ್ಕೆ ನಾನು ಕೊಟ್ಟಿದ್ದ ಐದು ಅಂಕ ಆಗ ನನ್ನ ಕಣ್ಣ ಮುಂದೆ ಬಂತು. ಕಾಲೇಜಿಗೆ ಹೋಗಿ ಅವಳ ಅಧ್ಯಾಪಕಿಗೆ ಎಲ್ಲವನ್ನೂ ತಿಳಿಸಿದೆ. ಅವರು ಬೇಸರದಿಂದ, "ನಮಗೆ ಬರುವ ಫಾರಂಗಳೆಲ್ಲ ಹೀಗೇ ಇರುತ್ತವೆ ಫಾದರ್. ಎಲ್ಲರಿಗೂ ಐದಕ್ಕೆ ಐದು. ಯಾರು ಕಲಿತಿದ್ದಾರೆ, ಯಾರು ಕಲಿತಿಲ್ಲ ಎಂದು ನಮಗೆ ತಿಳಿಯುವುದಾದರೂ ಹೇಗೆ?" ಎಂದರು. ಆ ಹುಡುಗಿಯನ್ನೂ ಕರೆಸಿದರು. ಅವಳು ಅತ್ತಳು. ಕಣ್ಣೊರೆಸಿಕೊಂಡು ನನ್ನನ್ನು ಕೇಳಿದ್ದು ಒಂದೇ ಮಾತು: "ಜಗಲಿಯಲ್ಲಿ ಹೇಳಿದಾಗಲೇ ನೀವು ಯಾಕೆ ತಿದ್ದಲಿಲ್ಲ ಫಾದರ್?"

ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರದ ಹುಡುಕಾಟ.

ಮೊದಲು, ಕಾಲೇಜುಗಳು ಇಂಥ ಫಾರಂಗಳನ್ನು ಯಾಕೆ ಕಳುಹಿಸುತ್ತವೆ ಎಂಬುದನ್ನು ನೋಡೋಣ. ಹಿಂದೆ ಒಂದು ಕಾಲೇಜು ಒಳ್ಳೆಯದೇ ಎಂದು ತಿಳಿಯಲು ಅಲ್ಲಿ ಏನು ಕಲಿಸುತ್ತಾರೆ, ಎಷ್ಟು ಪುಸ್ತಕಗಳಿವೆ, ಎಷ್ಟು ಅಧ್ಯಾಪಕರಿದ್ದಾರೆ ಎಂದು ಕೇಳುತ್ತಿದ್ದರು. ಈಗ ಅಲ್ಲಿಂದ ಹೊರಬರುವ ವಿದ್ಯಾರ್ಥಿ ಏನನ್ನು ಮಾಡಬಲ್ಲ ಎಂದು ಕೇಳುತ್ತಾರೆ. ಇದಕ್ಕೆ 'ಕಲಿಕೆಯ ಫಲಿತಾಂಶ' ಎಂದು ಹೆಸರು. ನಮ್ಮ ದೇಶದಲ್ಲಿ 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್ ಸಂಸ್ಥೆಯೂ ಕಾಲೇಜುಗಳ ಗುಣಮಟ್ಟ ಅಳೆಯುವಾಗ ಇದನ್ನು ಕೇಳುತ್ತ ಬಂದಿದೆ. ಅಮೆರಿಕದಲ್ಲಿ ಸಮಾಜಕಾರ್ಯದ ಪದವಿಗಳಿಗೆ ಮಾನ್ಯತೆ ನೀಡುವ ಶಿಕ್ಷಣ ಮಂಡಳಿ 2008ರಲ್ಲಿ ಹತ್ತು ಸಾಮರ್ಥ್ಯಗಳ ಪಟ್ಟಿಯನ್ನು ಮಾಡಿತು. 2015ರಲ್ಲಿ ಅದನ್ನು ಒಂಬತ್ತಕ್ಕೆ ಇಳಿಸಿತು. ಅಲ್ಲಿ ಪದವಿ ಪಡೆಯುವವರು ಕನಿಷ್ಠ 400 ಗಂಟೆ ಕ್ಷೇತ್ರಕಾರ್ಯ ಮಾಡಬೇಕು. ಗಂಟೆ ತುಂಬಿದರೆ ಸಾಲದು, ಆ ಸಾಮರ್ಥ್ಯಗಳು ಬಂದಿವೆಯೇ ಎಂಬುದನ್ನೂ ಕಾಲೇಜು ತೋರಿಸಬೇಕು.

"ಫಾದರ್, ಹೃದಯವನ್ನು ದೇವರಲ್ಲದೆ ಯಾರು ಅಳೆಯಬಲ್ಲರು?" ಎಂದು ನೀವು ಕೇಳಬಹುದು. ಸರಿಯಾದ ಮಾತು. ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಇನ್ನೂ ಮುಂದೆ ಹೋಗುತ್ತಾರೆ. ತನ್ನಲ್ಲಿಯೇ ದೇವರ ವರಪ್ರಸಾದ ಇದೆಯೇ ಎಂಬುದನ್ನೂ ಮನುಷ್ಯನು ಖಚಿತವಾಗಿ ತಿಳಿಯಲಾರ, ಕೆಲವು ಗುರುತುಗಳಿಂದ ಊಹಿಸಬಲ್ಲನಷ್ಟೇ ಎಂಬುದು ಅವರ ಬೋಧನೆ. ತನ್ನ ಆತ್ಮದ ಸಂಗತಿಯೇ ಹೀಗಿರುವಾಗ ಇನ್ನೊಬ್ಬರ ಆತ್ಮವನ್ನು ಐದು ಅಂಕಗಳಲ್ಲಿ ತೂಗುವುದುಂಟೇ?

ಆದರೆ ಅದೇ ಸಂತರು ಇನ್ನೊಂದನ್ನೂ ಕಲಿಸಿದ್ದಾರೆ. ಮನುಷ್ಯನಲ್ಲಿ ನೆಲೆಯೂರಿದ ಗುಣ ಕಣ್ಣಿಗೆ ಕಾಣದಿದ್ದರೂ ಅದರಿಂದ ಹೊರಡುವ ಕ್ರಿಯೆಗಳು ಕಾಣುತ್ತವೆ. ಕ್ರಿಯೆಯಿಂದಲೇ ಗುಣವನ್ನು ಅರಿಯುತ್ತೇವೆ. ಅವರಿಗಿಂತ ಎಷ್ಟೋ ಮೊದಲು ಅರಿಸ್ಟಾಟಲ್, ಮನೆ ಕಟ್ಟಿ ಕಟ್ಟಿಯೇ ಒಬ್ಬನು ಮೇಸ್ತ್ರಿಯಾಗುವಂತೆ ನ್ಯಾಯದ ಕೆಲಸಗಳನ್ನು ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಎಂದು ತಿಳಿಸಿದ್ದನು. ಮೇಸ್ತ್ರಿ ಒಳ್ಳೆಯ ಮನುಷ್ಯನೇ ಎಂದು ನಾವು ತೀರ್ಪು ಕೊಡಬೇಕಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಇಟ್ಟು ನೋಡಲೇಬೇಕು, ಏಕೆಂದರೆ ಆ ಮನೆಯಲ್ಲಿ ಜನ ಮಲಗುತ್ತಾರೆ.

ಅನುಕಂಪದ ವಿಷಯವೂ ಹೀಗೆಯೇ. ಆ ಹುಡುಗಿಯ ಎದೆಯಲ್ಲಿ ಎಷ್ಟು ಪ್ರೀತಿ ಇತ್ತು ಎಂಬುದನ್ನು ನಾನು ಅಳೆಯಬೇಕಿರಲಿಲ್ಲ. ಆ ತಾಯಿಯ ಕಥೆಯನ್ನು ಬೇರೆಯವರಿಗೆ ಹೇಳುವ ಮೊದಲು ಅವರ ಒಪ್ಪಿಗೆ ಕೇಳಿದಳೇ? ಬರೆದಿಟ್ಟ ಪುಸ್ತಕವನ್ನು ಎಲ್ಲಿ ಇಡುತ್ತಿದ್ದಳು? ಜನ ಮಾತಾಡುವಾಗ ನಡುವೆ ಬಾಯಿ ಹಾಕುತ್ತಿದ್ದಳೇ? ಇವು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಗಳು. ಇವನ್ನು ನೋಡುವ ಕೆಲಸ ನನ್ನದಾಗಿತ್ತು. ನಾನು ನೋಡಿರಲಿಲ್ಲ. ನೋಡಿದ್ದ ಒಂದನ್ನೂ ಬರೆಯಲಿಲ್ಲ.

ಇನ್ನೊಂದು ಆಕ್ಷೇಪವುಂಟು. ಇನ್ನೊಬ್ಬರನ್ನು ತೀರ್ಪು ಮಾಡಬಾರದೆಂದು ಪ್ರಭು ಯೇಸುವೇ ಕಲಿಸಲಿಲ್ಲವೇ? ಸಮಾಜಕಾರ್ಯದ ವಿದ್ಯಾರ್ಥಿಗಳೂ ಮೊದಲ ವರ್ಷದಲ್ಲೇ ಇದೇ ಪಾಠವನ್ನು ಕಲಿಯುತ್ತಾರೆ. ಅದನ್ನು ಅವರ ಪಠ್ಯಕ್ಕೆ ತಂದವರಲ್ಲಿ ಒಬ್ಬ ಕಥೋಲಿಕ ಗುರು ಇದ್ದಾರೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಅವರು ಅಮೆರಿಕದ ಯೇಸುಸಭೆಯ ಫಾದರ್ ಫೆಲಿಕ್ಸ್ ಬೀಸ್ಟೆಕ್. ಕಷ್ಟದಲ್ಲಿರುವವರಿಗೂ ನೆರವಾಗುವವರಿಗೂ ನಡುವಿನ ಸಂಬಂಧ ಹೇಗಿರಬೇಕೆಂದು 1957ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಏಳು ತತ್ವಗಳಿವೆ. ಎದುರಿನವರನ್ನು ಇದ್ದಂತೆಯೇ ಸ್ವೀಕರಿಸುವುದು, ತಮ್ಮ ಬದುಕಿನ ನಿರ್ಧಾರವನ್ನು ಅವರೇ ಮಾಡಲು ಬಿಡುವುದು, ಗುಟ್ಟು ಕಾಪಾಡುವುದು ಅವುಗಳಲ್ಲಿ ಸೇರಿವೆ. ತೀರ್ಪು ಮಾಡದಿರುವುದೂ ಒಂದು. ಆದರೆ ಫಾದರ್ ಬೀಸ್ಟೆಕ್ ಅದನ್ನು ವಿವರಿಸುವಾಗ ಒಂದು ಗೆರೆ ಎಳೆಯುತ್ತಾರೆ. ಎದುರಿನವರು ಅಪರಾಧಿಯೇ ನಿರಪರಾಧಿಯೇ ಎಂದು ಹೇಳುವುದು ನಮ್ಮ ಕೆಲಸವಲ್ಲ; ಅವರ ನಡೆ ಒಳಿತೋ ಕೆಡುಕೋ ಎಂದು ವಿವೇಚಿಸುವುದನ್ನು ಮಾತ್ರ ಬಿಡಬಾರದು. ಕಷ್ಟದಲ್ಲಿರುವವರ ಬಗ್ಗೆ ಹೇಳಿದ ಈ ಮಾತು ವಿದ್ಯಾರ್ಥಿಗೂ ಅನ್ವಯಿಸುವುದಿಲ್ಲವೇ?

ಈ ಗೆರೆಯನ್ನು ಮರೆತವನು ನಾನೊಬ್ಬನೇ ಅಲ್ಲ. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೇರಿಯನ್ ಬೋಗೊ ಎಂಬ ಪ್ರಾಧ್ಯಾಪಕಿ ತಮ್ಮ ಸಂಗಡಿಗರೊಂದಿಗೆ ಕ್ಷೇತ್ರಕಾರ್ಯದ ಮಾರ್ಗದರ್ಶಕರ ಅನುಭವವನ್ನು ವಿಚಾರಿಸಿದರು. ಜನರನ್ನು ಪ್ರೋತ್ಸಾಹಿಸಬೇಕು, ಅವರಲ್ಲಿ ಒಳ್ಳೆಯದನ್ನೇ ಕಾಣಬೇಕು ಎಂಬ ತಮ್ಮ ವೃತ್ತಿಯ ಮೌಲ್ಯಗಳೇ ವಿದ್ಯಾರ್ಥಿಯ ಕೊರತೆಯನ್ನು ಹೇಳಲು ಅವರಿಗೆ ಅಡ್ಡಬರುತ್ತಿದ್ದವು. ಅಂಕಗಳೆಲ್ಲ ಮೇಲಿನ ತುದಿಯಲ್ಲೇ ಗುಂಪಾಗುತ್ತಿದ್ದವು. ಒಳ್ಳೆಯ ಮನಸ್ಸಿನವರೇ ಸುಳ್ಳು ಅಂಕ ಕೊಡುತ್ತಾರೆ ಎಂಬುದು ಯೋಚಿಸಬೇಕಾದ ವಿಷಯ.

ನಾನು ಕೊಟ್ಟ ಐದು ಅಂಕ ಕರುಣೆಯಂತೆ ಕಂಡಿತ್ತು. ಯಾರ ಮೇಲಿನ ಕರುಣೆ? ಎದುರಿಗೆ ನಿಂತಿದ್ದ ಹುಡುಗಿಯ ಮೇಲೆ ಇರಬಹುದು. ನಿಜ ಹೇಳುವ ಕಷ್ಟ ನನಗೂ ತಪ್ಪಿತು. ಬೆಲೆ ತೆತ್ತವರು ಆ ತಾಯಿ. ಫಾರಂ ತುಂಬುವಾಗ ಅವರು ನನ್ನ ಮೇಜಿನ ಬಳಿ ಇರಲಿಲ್ಲ. ಆ ಹುಡುಗಿ ಕೆಲಸ ಹೇಗೆ ಮಾಡಿದಳು ಎಂದು ಅವರನ್ನು ಯಾರೂ ಕೇಳಿರಲೂ ಇಲ್ಲ.

ಸಮಾರಿಯದವನ ಸಾಮತಿ ನಮಗೆಲ್ಲ ಗೊತ್ತು. ಅವನ ಕರುಣೆಯನ್ನು ನಾವು ಕೊಂಡಾಡುತ್ತೇವೆ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟು ಕಟ್ಟಿದನು ಎಂಬುದನ್ನು ಬೇಗ ದಾಟಿಬಿಡುತ್ತೇವೆ. ಕನಿಕರವಿದ್ದೂ ಕಟ್ಟು ಕಟ್ಟಲು ಬಾರದಿದ್ದರೆ ಗಾಯ ಕೀವಾಗುತ್ತಿತ್ತು. ಕರುಣೆಗೆ ಕೈಚಳಕವೂ ಬೇಕು. ಅದು ಬಂದಿದೆಯೇ ಎಂದು ಪರೀಕ್ಷಿಸುವುದು ಗಾಯಗೊಂಡವನಿಗೆ ನಾವು ತೀರಿಸಬೇಕಾದ ಋಣ.

ಹಾಗಾದರೆ ಎಲ್ಲವನ್ನೂ ಅಂಕಗಳಿಗೆ ಒಪ್ಪಿಸಿಬಿಡೋಣವೇ? ಅದೂ ಸಲ್ಲದು. ಒಂದೇ ಫಾರಂ, ಒಂದೇ ಕಣ್ಣು ಸಾಲುವುದಿಲ್ಲ. 2015ರ ಅಮೆರಿಕದ ನಿಯಮಗಳು ಪ್ರತಿ ಸಾಮರ್ಥ್ಯವನ್ನೂ ಕನಿಷ್ಠ ಎರಡು ಬಗೆಯಲ್ಲಿ ಅಳೆಯಬೇಕು, ಒಂದಾದರೂ ನಿಜವಾದ ಅಥವಾ ನಿಜದಂತೆ ಏರ್ಪಡಿಸಿದ ಸನ್ನಿವೇಶದಲ್ಲಿ ಇರಬೇಕು ಎಂದು ವಿಧಿಸಿದವು. ವೈದ್ಯ ವಿದ್ಯಾರ್ಥಿಗಳಿಗಾಗಿ ಸ್ಕಾಟ್ಲೆಂಡಿನ ಡಂಡೀ ನಗರದ ರೊನಾಲ್ಡ್ ಹಾರ್ಡನ್ 1975ರಲ್ಲಿ ಪ್ರಕಟಿಸಿದ ಒಂದು ಪರೀಕ್ಷಾ ಕ್ರಮವನ್ನು ಮೇರಿಯನ್ ಬೋಗೊ ಅವರ ತಂಡ ಸಮಾಜಕಾರ್ಯಕ್ಕೆ ಹೊಂದಿಸಿತು. ನಟರೊಬ್ಬರು ಕಷ್ಟದಲ್ಲಿರುವವರಂತೆ ಬಂದು ಕೂರುತ್ತಾರೆ. ವಿದ್ಯಾರ್ಥಿ ಅವರೊಂದಿಗೆ ಮಾತಾಡುವುದನ್ನು ಪರೀಕ್ಷಕರು ಗಮನಿಸುತ್ತಾರೆ. ಬಳಿಕ, ನೀನು ಹೀಗೆ ಯಾಕೆ ಮಾಡಿದೆ, ಎಲ್ಲಿ ಎಡವಿದೆ ಎಂದು ವಿದ್ಯಾರ್ಥಿಯನ್ನೇ ಕೇಳುತ್ತಾರೆ. ನಿಜವಾದ ತಾಯಂದಿರಿಗೆ ನೋವಾಗುವ ಮೊದಲೇ ತಪ್ಪು ಅಲ್ಲಿ ಬೆಳಕಿಗೆ ಬರುತ್ತದೆ.

ಅಂಕವನ್ನು ಓದುವುದಕ್ಕೂ ವಿವೇಕ ಬೇಕು. ವಿದ್ಯಾರ್ಥಿಗಳಿಗೆ ತಮ್ಮ ಸಾಮರ್ಥ್ಯವನ್ನು ತಾವೇ ಅಳೆದುಕೊಳ್ಳಲು ಹೇಳಿದರೆ, ಕಲಿಕೆಯ ಆರಂಭದಲ್ಲಿ ಹೆಚ್ಚು ಅಂಕ ಹಾಕಿಕೊಂಡವರು ಕೊನೆಯಲ್ಲಿ ಕಡಿಮೆ ಹಾಕಿಕೊಳ್ಳುವುದುಂಟು. ಅವರು ಹಿಂದೆ ಬಿದ್ದಿದ್ದಾರೆ ಎಂದು ಅದರ ಅರ್ಥವಾಗಬೇಕಿಲ್ಲ. ಈ ಕೆಲಸ ಎಷ್ಟು ಕಷ್ಟದ್ದೆಂದು ಈಗ ತಿಳಿದಿದೆ, ಅಳೆಯುವ ಕೋಲೇ ಉದ್ದವಾಗಿದೆ. ಆತ್ಮಸಾಕ್ಷಿಯ ಪರಿಶೋಧನೆ ಮಾಡಿಕೊಳ್ಳುವವರಿಗೆ ಇದು ಹೊಸ ಸಂಗತಿಯಲ್ಲ. ಮೇಲಕ್ಕೆ ಹೋದಂತೆ ನಮ್ಮ ಕೊರತೆ ಹೆಚ್ಚು ಕಾಣುತ್ತದೆ.

ಪ್ರಿಯರೇ, ನಿಮ್ಮಲ್ಲಿ ಹಲವರು ಆಸ್ಪತ್ರೆ, ಶಾಲೆ, ಹಾಸ್ಟೆಲು, ಅನಾಥಾಲಯಗಳಲ್ಲಿ ಕೆಲಸ ಮಾಡುತ್ತೀರಿ. ಕಲಿಯುವವರನ್ನು ನಿಮ್ಮ ಕೈಗೂ ಒಪ್ಪಿಸುತ್ತಾರೆ. ವರ್ಷದ ಕೊನೆಯ ಫಾರಂಗೆ ಕಾಯಬೇಡಿ. ತಪ್ಪು ಕಂಡ ದಿನವೇ, ಬದಿಗೆ ಕರೆದು, ಮೃದುವಾಗಿ ಹೇಳಿ. ಅಂಕ ಬರೆಯುವಾಗ ಅದರ ಪಕ್ಕದಲ್ಲಿ ನೀವು ಕಣ್ಣಾರೆ ಕಂಡ ಒಂದು ಸಂಗತಿಯನ್ನೂ ಬರೆಯಿರಿ. ಕಂಡಿಲ್ಲವಾದರೆ ಕಂಡಿಲ್ಲ ಎಂದೇ ಬರೆಯಿರಿ. ಸೇವೆ ಪಡೆದವರನ್ನೂ ಒಂದು ಮಾತು ಕೇಳಿ. ತಂದೆತಾಯಂದಿರೇ, ನಿಮ್ಮ ಮಗಳಿಗೆ ಐದರಲ್ಲಿ ಮೂರು ಬಂದರೆ ಕಾಲೇಜಿನವರ ಮೇಲೆ ಸಿಟ್ಟಾಗುವ ಮೊದಲು ಉಳಿದ ಎರಡು ಯಾಕೆ ಹೋಯಿತೆಂದು ಅವಳನ್ನೇ ಕೇಳಿ. ಅವಳ ಮುಂದೆ ನಾಳೆ ಕಣ್ಣೀರಿನೊಂದಿಗೆ ಬಂದು ಕೂರುವವರಿಗೆ ಆ ಎರಡು ಅಂಕ ಬೇಕಾಗಬಹುದು.

ಆ ಹುಡುಗಿ ನನ್ನೊಡನೆ ಆ ತಾಯಿಯ ಮನೆಗೆ ಬಂದು ಕ್ಷಮೆ ಕೇಳಿದಳು. ಆ ತಾಯಿ ಇಬ್ಬರಿಗೂ ಕಾಫಿ ಕೊಟ್ಟರು. ಕ್ಷಮಿಸಿದ್ದೇನೆ ಎಂದರು. ಆದರೆ ನಾನು ಆ ಧರ್ಮಕೇಂದ್ರದಿಂದ ವರ್ಗವಾಗುವವರೆಗೂ ಅವರು ಸಂಘಕ್ಕೆ ಮರಳಿ ಬರಲಿಲ್ಲ. ಈಗ ಅಂಥ ಫಾರಂ ನನ್ನ ಮೇಜಿಗೆ ಬಂದಾಗಲೆಲ್ಲ, ಪೆನ್ನು ಹಿಡಿಯುವ ಮೊದಲು, ಅವರು ಎದುರಿನ ಕುರ್ಚಿಯಲ್ಲಿ ಕುಳಿತು ನಾನು ಬರೆಯುವುದನ್ನು ನೋಡುತ್ತಿದ್ದಾರೆ ಎಂದು ನೆನೆದುಕೊಳ್ಳುತ್ತೇನೆ. ನೀವೂ ಹಾಗೆ ನೆನೆದುಕೊಳ್ಳಿ.