ನಾಲ್ಕಡಿ ಓಣಿ, ಮೂರು ಕೋರ್ಟು

ಅಪ್ಪ ಹೋದಾಗ ನನಗೆ ಬಂದದ್ದು ಒಂದು ಬ್ಯಾಂಕ್ ಖಾತೆ, ಸ್ಟಾರ್ಟ್ ಆಗದ ಒಂದು ಬಜಾಜ್ ಸ್ಕೂಟರು, ಮೈಸೂರಿನ ಮನೆ, ಮತ್ತೆ ಆ ಮನೆಯ ಪಕ್ಕದ ನಾಲ್ಕಡಿ ಓಣಿಯ ಕೇಸು. ಮೊದಲ ಮೂರು ನಿರೀಕ್ಷಿತ. ನಾಲ್ಕನೆಯದರ ಬಗ್ಗೆ ವಕೀಲರೇ ಫೋನ್ ಮಾಡಿದರು. ‘ತೊಂಬತ್ತು ದಿನದೊಳಗೆ ಎಲ್‌ಆರ್ ಅರ್ಜಿ ಹಾಕ್ಬೇಕು, ಇಲ್ಲಾಂದ್ರೆ ಅಪೀಲು ಬಿದ್ದುಹೋಗತ್ತೆ.’ ಎಲ್‌ಆರ್ ಅಂದ್ರೆ ಕಾನೂನುಬದ್ಧ ವಾರಸುದಾರ. ಹೀಗೆ 2023ರಲ್ಲಿ, ಓಣಿಯಲ್ಲಿ ಎಂದೂ ಕಾಲಿಡದ ನಾನು, ಆ ಓಣಿ ತನ್ನದೆಂದು ಹಟ ಹಿಡಿದ ಮನುಷ್ಯನ ಜಾಗದಲ್ಲಿ ನಿಂತೆ.

ಕೇಸಿನ ಕತೆ ಚಿಕ್ಕದು. 2003ರಲ್ಲಿ ದಾವೆ. 2009ರಲ್ಲಿ ಮೊದಲ ಕೋರ್ಟಿನಲ್ಲಿ ಗೆದ್ದೆವು. ಪಕ್ಕದ ಮನೆಯವರು ಮೈಸೂರಿನಲ್ಲೇ ಮೇಲಿನ ಕೋರ್ಟಿಗೆ ಹೋದರು, 2012ರಲ್ಲಿ ಅಲ್ಲಿ ಸೋತೆವು. ಅಪ್ಪ ಬೆಂಗಳೂರಿಗೆ ಹೋದರು, ಹೈಕೋರ್ಟಿಗೆ, ಎರಡನೇ ಅಪೀಲು. ಅದು ಅಡ್ಮಿಟ್ ಆಯಿತು. ಇವತ್ತಿಗೂ ಅಡ್ಮಿಟ್ ಆಗಿಯೇ ಇದೆ, ಆಸ್ಪತ್ರೆಯ ಭಾಷೆಯಲ್ಲಿ ಹೇಳುವುದಾದರೆ.

ಈಚೆಗೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮಂಗಳೂರಿನ ಗೆಳೆಯನೊಬ್ಬ, ಕರಾವಳಿಗೂ ಹೈಕೋರ್ಟ್ ಪೀಠ ಬೇಕು ಅಂತ ಅಲ್ಲಿನ ವಕೀಲರು ಕೇಳುತ್ತಿರುವುದನ್ನು ಹೇಳುತ್ತಿದ್ದ. ಇನ್ನೊಬ್ಬ ತಕ್ಷಣ, ‘ಹಾಗಾದ್ರೆ ಮೈಸೂರಿಗೂ ಕೊಡ್ಲಿ, ನಾವೇನು ಕಮ್ಮಿ’ ಅಂದ. ಎಲ್ಲರೂ ನನ್ನ ಕಡೆ ನೋಡಿದರು, ಕೇಸಿರುವವನು ನಾನು ತಾನೆ. ಹೂಂ ಅನ್ನಬೇಕಿತ್ತು. ಅನ್ನಲಾಗಲಿಲ್ಲ. ಯಾಕೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಹಳೇ ನೋವಿದೆ. ಸಂಸ್ಥಾನದ ಹೆಸರು ಮೈಸೂರು, ಅರಮನೆ ಮೈಸೂರಲ್ಲಿ, ಆದರೆ 1884ರಲ್ಲಿ ಮೂವರು ನ್ಯಾಯಾಧೀಶರೊಂದಿಗೆ ಶುರುವಾದ ಮೈಸೂರು ಚೀಫ್ ಕೋರ್ಟು ಕೂತದ್ದು ಬೆಂಗಳೂರಲ್ಲಿ. 1930ರಲ್ಲಿ ಅದು ಮೈಸೂರು ಹೈಕೋರ್ಟ್ ಆಯಿತು, 1973ರಲ್ಲಿ ಕರ್ನಾಟಕ ಹೈಕೋರ್ಟ್. ಅಠಾರಾ ಕಚೇರಿ ನಮ್ಮೂರಲ್ಲೂ ಇದೆ, ಗೋರ್ಡನ್ ಪ್ರತಿಮೆಯ ಹಿಂದೆ. ಆದರೆ ಅಲ್ಲಿ ಕೂತದ್ದು ಡಿಸಿ. ಹೈಕೋರ್ಟಿನ ಅಠಾರಾ ಕಚೇರಿ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ.

ಅಲ್ಲಿಗೆ ಅಪ್ಪ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುತ್ತಿದ್ದರು. ಕೆಲವು ಸಲ ನಾನೂ. ವಕೀಲರು ‘ನೀವು ಬರೋ ಅಗತ್ಯ ಇಲ್ಲ ಸಾರ್’ ಅಂತ ಪ್ರತಿ ಸಲ ಹೇಳುತ್ತಿದ್ದರು, ಅದು ನಿಜವೂ ಹೌದು. ಎರಡನೇ ಅಪೀಲಿನಲ್ಲಿ ಪಕ್ಷಗಾರ ಮಾಡುವುದೇನೂ ಇಲ್ಲ. ಸಾಕ್ಷಿ ಇಲ್ಲ, ಪ್ರಶ್ನೆ ಇಲ್ಲ. ಓಣಿ ಯಾರದು ಅಂತ ಅಲ್ಲಿ ಯಾರೂ ಕೇಳುವುದೂ ಇಲ್ಲ, ಕಾನೂನಿನ ಮಹತ್ವದ ಪ್ರಶ್ನೆ ಏನಾದರೂ ಇದೆಯೇ ಅಂತ ಮಾತ್ರ ಕೇಳುತ್ತಾರೆ. ಆದರೂ ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಹೊರಡುತ್ತಿದ್ದರು. ಮದ್ದೂರಿನಲ್ಲಿ ವಡೆ. ರೈಲು ಇಳಿದು ಬಸ್ಸು. ಸೆಕ್ಯೂರಿಟಿ ಪಾಸು. ಆಮೇಲೆ ಹಾಲಿನ ಹಿಂದೆ ನಿಂತು ಅರ್ಥವಾಗದ ಇಂಗ್ಲಿಷು ಕೇಳುವುದು. ಅಪ್ಪ ಸಾಕ್ಷಿ ಹೇಳಿದ್ದು ಕನ್ನಡದಲ್ಲಿ, ಕೃಷ್ಣರಾಜ ಬುಲೆವಾರ್ಡಿನ ಕೋರ್ಟಿನಲ್ಲಿ, ನ್ಯಾಯಾಧೀಶರು ಅವರನ್ನೇ ನೋಡುತ್ತಿದ್ದಾಗ. ಅದೇ ಮಾತು ಅನುವಾದವಾಗಿ, ಟೈಪಾಗಿ, ಪೇಪರ್ ಬುಕ್ಕಿನ ಪುಟವಾಗಿ ಬೆಂಗಳೂರಿಗೆ ಬಂದಾಗ ಅದು ತಮ್ಮದು ಅಂತ ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶ ಇದೆ. ಕನ್ನಡಕ್ಕೆ ಕರ್ನಾಟಕದಲ್ಲಿ ಇಲ್ಲ. ನಾಳೆ ಮೈಸೂರಿಗೇ ಪೀಠ ಬಂದರೂ ಆ ದೂರ ಅಷ್ಟೇ ಇರುತ್ತದೆ.

ಆದರೂ ನಮ್ಮದು 140-150 ಕಿಲೋಮೀಟರಿನ ಗೋಳು. ಬೀದರಿನವರ ಲೆಕ್ಕ ನೋಡಿ. 1956ಕ್ಕೆ ಮುಂಚೆ ಕಲಬುರಗಿ, ಬೀದರಿನವರು ಹೈದರಾಬಾದಿನ ಹೈಕೋರ್ಟಿಗೆ ಹೋಗುತ್ತಿದ್ದರು, ಧಾರವಾಡ, ಬೆಳಗಾವಿಯವರು ಮುಂಬಯಿಗೆ. ರಾಜ್ಯ ಒಂದಾಯಿತು, ಎಲ್ಲರೂ ಬೆಂಗಳೂರಿಗೆ ಬರಬೇಕಾಯಿತು. ಬೀದರಿನಿಂದ ಬೆಂಗಳೂರು ಹತ್ತಿರ ಹತ್ತಿರ 700 ಕಿಲೋಮೀಟರು. ಹೈದರಾಬಾದು ಅದರ ಕಾಲು ಭಾಗವೂ ಇಲ್ಲ. ಅಂದರೆ ತಮ್ಮ ಭಾಷೆಯ ರಾಜ್ಯ ಸಿಕ್ಕ ದಿನವೇ ಅವರಿಗೆ ನ್ಯಾಯ ಇನ್ನಷ್ಟು ದೂರವಾಯಿತು. ಅದು ಸರಿಹೋಗಲು 2008ರ ಜುಲೈ ಬರಬೇಕಾಯಿತು. ಧಾರವಾಡದಲ್ಲಿ, ಮರುದಿನ ಗುಲ್ಬರ್ಗದಲ್ಲಿ ಸಂಚಾರಿ ಪೀಠ. 2013ರ ಆಗಸ್ಟಿನಲ್ಲಿ ಎರಡೂ ಕಾಯಂ ಆದವು. ನಡುವೆ ಎಷ್ಟು ವರ್ಷದ ಧರಣಿ, ಎಷ್ಟು ಕೋರ್ಟ್ ಬಹಿಷ್ಕಾರ ಅಂತ ಆ ಕಡೆಯ ಯಾವ ಹಿರಿಯ ವಕೀಲರನ್ನು ಕೇಳಿದರೂ ಒಂದು ಸಂಜೆ ಹೇಳುತ್ತಾರೆ. 2025ರ ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಹಾಪುರಕ್ಕೆ ಬಂತು. ಸೊಲ್ಲಾಪುರ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ. ಅಕ್ಕಲಕೋಟೆಯ ಕನ್ನಡಿಗನೊಬ್ಬ ಈಗ ಅಪೀಲಿಗೆ ಮುಂಬಯಿ ತನಕ ಹೋಗಬೇಕಿಲ್ಲ.

ಇಲ್ಲಿ ನಮ್ಮಂಥ ಐಟಿಯವರು ಹೇಳುವ ಎರಡು ಮಾತಿವೆ. ಒಂದು, ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅನ್ನುವ ಫ್ರೆಡ್ ಬ್ರೂಕ್ಸ್‌ನ ಸೂತ್ರ. ಇದು ಇಲ್ಲಿ ಹೊಂದುವುದಿಲ್ಲ. ನನ್ನ ಓಣಿಗೂ ಇನ್ನೊಬ್ಬನ ವಿಚ್ಛೇದನಕ್ಕೂ ಸಂಬಂಧ ಇಲ್ಲ, ಇಬ್ಬರು ನ್ಯಾಯಾಧೀಶರು ದಿನಾ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಮಾಡಬೇಕಿಲ್ಲ. ಜನ ಹೆಚ್ಚಾದರೆ ಕೆಲಸ ಆಗುತ್ತದೆ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಐದು ವರ್ಷದಲ್ಲಿ ಅದನ್ನು ಮುಟ್ಟಿ ಅಂತ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ದೇಶದಲ್ಲಿ ಈಗ ಮಂಜೂರಾದ ಹುದ್ದೆಗಳನ್ನೇ ಲೆಕ್ಕ ಹಾಕಿದರೂ ಅದು 20ರ ಆಸುಪಾಸು. ನಮ್ಮ ಹೈಕೋರ್ಟಿಗೆ 62 ಹುದ್ದೆ ಮಂಜೂರಾಗಿವೆ. ಮಂಜೂರಾಗುವುದು ಬೇರೆ, ಕುರ್ಚಿ ತುಂಬುವುದು ಬೇರೆ. ಇದರಲ್ಲಿ ತತ್ವಶಾಸ್ತ್ರ ಏನೂ ಇಲ್ಲ.

ಎರಡನೇ ಮಾತು ಸ್ವಲ್ಪ ಗಟ್ಟಿ. ರಸ್ತೆ ಅಗಲ ಮಾಡಿದರೆ ಕಾರು ಹೆಚ್ಚುತ್ತವೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆದಮೇಲೆ ವೀಕೆಂಡಿಗೆ ನಮ್ಮೂರು ಏನಾಗಿದೆ ಅಂತ ಗೊತ್ತೇ ಇದೆ. ಕೋರ್ಟೂ ಹಾಗೇ, ಹತ್ತಿರ ತಂದರೆ ಜನ ಚಿಕ್ಕಚಿಕ್ಕದಕ್ಕೂ ಕೇಸು ಹಾಕುತ್ತಾರೆ, ಬಾಕಿ ಹಾಗೇ ಉಳಿಯುತ್ತದೆ. ಈ ವಾದವನ್ನು ನಾನು ಬಹಳ ದಿನ ನಂಬಿದ್ದೆ. ಈಗ ನಂಬಿಕೆ ಇಲ್ಲ. ಹೊಸದಾಗಿ ರಸ್ತೆಗೆ ಬಂದ ಕಾರು ಮೊದಲು ಮನೆಯಲ್ಲಿ ಆರಾಮಾಗಿ ನಿಂತಿತ್ತು. ಹೊಸದಾಗಿ ಕೋರ್ಟಿಗೆ ಬಂದವನು ಮೊದಲು ಏನು ಮಾಡುತ್ತಿದ್ದ? ನುಂಗಿಕೊಂಡು ಸುಮ್ಮನಿದ್ದ. 2008ಕ್ಕೆ ಮುಂಚೆ ಯಾದಗಿರಿಯಲ್ಲಿ ಎಷ್ಟು ಜನ ಕೆಳಕೋರ್ಟಿನಲ್ಲಿ ಸೋತು, ಬೆಂಗಳೂರಿನ ಬಸ್ ಚಾರ್ಜು ನೆನೆದು, ಹೋಗ್ಲಿ ಬಿಡು ಅಂದರೋ. ಅವರ ಹೆಸರು ಯಾವ ಬಾಕಿ ಪಟ್ಟಿಯಲ್ಲೂ ಇಲ್ಲ. ಬಾಕಿ ಕಡಿಮೆ ಇದೆ ಅಂತ ಹೆಮ್ಮೆಪಡುವ ಕೋರ್ಟು, ಜನ ಬರಲಾಗದ ಕೋರ್ಟೂ ಇರಬಹುದು.

‘ಗೆದ್ದವನು ಸೋತ, ಸೋತವನು ಸತ್ತ’ ಅನ್ನುವ ಗಾದೆಯ ಮೇಲೂ ನನಗೆ ಅದೇ ಗುಮಾನಿ. ಅದನ್ನು ನಮ್ಮಪ್ಪನಿಗೆ ಹೇಳಿದವರೆಲ್ಲ ಒಳ್ಳೆಯವರೇ. ಆದರೆ ಆ ಗಾದೆಯಿಂದ ಲಾಭ ಯಾರಿಗೆ? ಓಣಿಯಲ್ಲಿ ಈಗಾಗಲೇ ಗೋಡೆ ಕಟ್ಟಿಕೊಂಡವನಿಗೆ.

ಹಾಗಾದರೆ ಎಲ್ಲ ಕಡೆ ಪೀಠ, ಎಲ್ಲರಿಗೂ ಅಪೀಲು, ಮುಗೀತಲ್ಲ ಅನ್ನಬಹುದು. ನನಗೆ ಗಂಟು ಬಿದ್ದಿರುವುದು ಇಲ್ಲೇ. ಹೊಸ ನ್ಯಾಯಾಧೀಶರನ್ನು ಕೊಡುವುದು, ಮೇಲಿನ ಮೆಟ್ಟಿಲನ್ನು ಹತ್ತಿರ ತರುವುದು, ಇವೆರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅಪೀಲು ಅನ್ನುವುದು ಯಾರ ಹಕ್ಕು? ಸೋತವನದು. ಕೆಳಗಿನವರು ತಪ್ಪು ಮಾಡಿರಬಹುದು, ಇನ್ನೊಮ್ಮೆ ನೋಡಿ ಅಂತ ಕೇಳುವ ಹಕ್ಕು. ಗೆದ್ದವನಿಗೂ ಒಂದು ಹಕ್ಕಿದೆ, ಮುಗಿಯಿತು ಅನ್ನಿಸಿಕೊಳ್ಳುವ ಹಕ್ಕು. ಮೇಲಿನ ಮೆಟ್ಟಿಲು ಸುಲಭವಾದಷ್ಟೂ ಮೊದಲನೆಯದು ಬೆಳೆಯುತ್ತದೆ, ಎರಡನೆಯದು ಸವೆಯುತ್ತದೆ. ಬಡವನಿಗೆ ಹತ್ತಿರವಾದ ಪೀಠ, ಕೇಸನ್ನು ಎಳೆದಾಡಬೇಕೆಂದಿರುವ ದುಡ್ಡಿನವನಿಗೂ ಅಷ್ಟೇ ಹತ್ತಿರ.

ಇದರಲ್ಲಿ ಯಾವುದು ದೊಡ್ಡದು ಅಂತ ತೀರ್ಮಾನಿಸಲು ನನ್ನ ಕೇಸನ್ನೇ ಹಿಡಿದುಕೊಂಡೆ. ಅಪೀಲೇ ಇಲ್ಲದಿದ್ದರೆ ನಾವು 2009ರಲ್ಲೇ ಗೆದ್ದು ಮುಗಿದಿತ್ತು. ಒಂದೇ ಅಪೀಲು ಇದ್ದಿದ್ದರೆ 2012ರಲ್ಲಿ ಸೋತು ಮುಗಿದಿತ್ತು. ಎರಡಿರುವುದರಿಂದ ಏನೂ ಮುಗಿದಿಲ್ಲ. 2009ರಲ್ಲಿ ಕೇಳಿದ್ದರೆ ಅಪ್ಪ ‘ಈ ಅಪೀಲು ಅನ್ನೋದೇ ಮೋಸ’ ಅನ್ನುತ್ತಿದ್ದರು, 2012ರಲ್ಲಿ ಕೇಳಿದ್ದರೆ ‘ಅಪೀಲಿಲ್ಲದಿದ್ರೆ ಬದುಕೋದು ಹೇಗೆ’ ಅನ್ನುತ್ತಿದ್ದರು. ಹಾಗೆ ಅಂದಿದ್ದಾರೆ ಕೂಡ. ನಾವು ಯಾವ ಕಡೆ ಇದ್ದೇವೆ ಅಂತ ಗೊತ್ತಿಲ್ಲದಂತೆ ನಿಯಮ ಮಾಡಬೇಕು ಅಂತ ಜಾನ್ ರಾಲ್ಸ್ ಹೇಳುತ್ತಾನೆ. ನಮ್ಮ ಮನೆಯಲ್ಲಿ ಅದಕ್ಕೆ ಪರದೆ ಬೇಕಾಗಲಿಲ್ಲ, ಮೂರು ವರ್ಷದಲ್ಲಿ ಎರಡೂ ಕಡೆ ನಿಂತು ಬಂದೆವು.

ಅಷ್ಟಾದ ಮೇಲೂ ನನಗೊಂದು ಅಭಿಪ್ರಾಯ ಇದೆ. ಅದು ಬಂದದ್ದು ಲೆಕ್ಕದಿಂದಲ್ಲ, ಒಂದು ಮಧ್ಯಾಹ್ನದಿಂದ. ಅವತ್ತು ನಮ್ಮ ಪೀಠ ಕೂರಲಿಲ್ಲ. ವಾಪಸ್ ರೈಲಿಗೆ ಟೈಮಿತ್ತು, ಅಪ್ಪ ಪಕ್ಕದ ಹಾಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿ ಜಾಮೀನು ಅರ್ಜಿಗಳು ನಡೆಯುತ್ತಿದ್ದವು, ಒಂದೊಂದಕ್ಕೆ ನಾಲ್ಕೈದು ನಿಮಿಷ. ನಮ್ಮ ಪಕ್ಕದಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಬಟ್ಟೆ. ಯಾವುದೋ ನಂಬರು ಕರೆದರು, ಇಬ್ಬರು ವಕೀಲರು ಏನೋ ಹೇಳಿದರು, ನ್ಯಾಯಮೂರ್ತಿಗಳು ಏನೋ ಬರೆಸಿದರು. ನಮಗ್ಯಾರಿಗೂ ಅರ್ಥವಾಗಲಿಲ್ಲ. ವಕೀಲರು ಹಿಂತಿರುಗಿ ತಲೆಯಾಡಿಸಿದ್ದು ಮಾತ್ರ ಕಂಡಿತು. ಆಕೆ ಕವರನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು. ರೈಲಿನಲ್ಲಿ ನಾನು, ನಮ್ಮ ಕೇಸಿಗೆ ಮಾತ್ರ ಯಾಕೆ ಯಾರಿಗೂ ಟೈಮಿಲ್ಲ ಅಂತ ಗೊಣಗಿದೆ. ಅಪ್ಪ ಕಿಟಕಿ ಕಡೆ ನೋಡುತ್ತಾ, ‘ಅವರದ್ದು ಮೊದಲಾಗ್ಲಿ ಬಿಡು. ಓಣಿ ಎಲ್ಲೂ ಹೋಗಲ್ಲ’ ಅಂದರು. ಇಪ್ಪತ್ತು ವರ್ಷ ಆ ನಾಲ್ಕಡಿಗೆ ಅಂಟಿಕೊಂಡಿದ್ದ ಮನುಷ್ಯ.

ಈ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ತಪ್ಪಿತಸ್ಥರು ಅಂತ ಯಾರೂ ಇನ್ನೂ ಹೇಳಿಲ್ಲ. ಅವರಲ್ಲಿ ಹೆಚ್ಚಿನವರ ಹಣೆಬರಹ ಇರುವುದು ಅಠಾರಾ ಕಚೇರಿಯಲ್ಲಲ್ಲ, ಯಾವುದೋ ಜಿಲ್ಲೆ, ತಾಲ್ಲೂಕಿನ ಕೋರ್ಟಿನಲ್ಲಿ. ಸರ್ಕಾರ ನಾಳೆ ಹತ್ತು ಹೊಸ ನ್ಯಾಯಾಧೀಶರನ್ನು ಕೊಟ್ಟರೆ ಎಲ್ಲಿ ಕೂರಿಸಬೇಕು? ಮೈಸೂರಿನ ಹೊಸ ಪೀಠದಲ್ಲೋ, ಹುಣಸೂರು, ಎಚ್.ಡಿ. ಕೋಟೆ, ತಿ. ನರಸೀಪುರದ ಕೋರ್ಟುಗಳಲ್ಲೋ? ಎಚ್.ಡಿ. ಕೋಟೆಯ ಹಾಡಿಯಿಂದ ಬರುವವನಿಗೆ ಮೈಸೂರೇ ಒಂದು ಬೆಂಗಳೂರು. ಪೀಠ ಬೇಕು ಅಂತ ಜೋರಾಗಿ ಕೇಳಬಲ್ಲವರು ನಾವು, ಆಸ್ತಿ ಇರುವವರು, ವಕೀಲರಿಗೆ ಫೀಸು ಕೊಡಬಲ್ಲವರು. ಮೊದಲ ಮೆಟ್ಟಿಲಲ್ಲೇ ಕಾಯುತ್ತಿರುವವನು ಪೀಠಕ್ಕಾಗಿ ಧರಣಿ ಕೂರುವುದಿಲ್ಲ. ಅವನ ತಾರೀಖು ಮುಂದಕ್ಕೆ ಹೋದರೆ ಪತ್ರಿಕೆಯಲ್ಲಿ ಬರುವುದಿಲ್ಲ. ಬೀದರಿಗೆ ಕಲಬುರಗಿ ಪೀಠ ಬೇಕೇ ಬೇಕಿತ್ತು. ಕರಾವಳಿಯವರ ವಾದವನ್ನೂ ಘಾಟಿ ರಸ್ತೆಯಲ್ಲಿ ಒಂದು ಮಳೆಗಾಲ ಓಡಾಡಿದವರು ತಳ್ಳಿಹಾಕಲಾರರು. ಮೈಸೂರಿನದು ಅಂಥ ವಾದ ಅಲ್ಲ. ಕ್ಯಾಂಟೀನಿನಲ್ಲಿ ನನ್ನ ಬಾಯಿ ಕಟ್ಟಿದ್ದು ಅದಕ್ಕೇ ಇರಬೇಕು.

ಕೆಳಗಿನ ಕೋರ್ಟಿಗೆ ಪುರುಸೊತ್ತಿದ್ದರೆ ಎರಡನೇ ಮೆಟ್ಟಿಲಿನ ಅಗತ್ಯವೂ ಕಡಿಮೆಯಾಗುತ್ತಿತ್ತೇನೋ. ನಮ್ಮ ದಾವೆಯಲ್ಲಿ ಆರು ವರ್ಷದಲ್ಲಿ ಎಷ್ಟೋ ನ್ಯಾಯಾಧೀಶರು ವರ್ಗವಾಗಿ ಬಂದು ಹೋದರು. ಅಪ್ಪನ ಸಾಕ್ಷಿ ಕೇಳಿದವರು ಒಬ್ಬರು, ತೀರ್ಪು ಬರೆದವರು ಇನ್ನೊಬ್ಬರು. ಯಾರೊಬ್ಬರೂ ಓಣಿಗೆ ಬಂದು ನೋಡಲಿಲ್ಲ. ಕಮಿಷನರು ಅಂತ ಒಬ್ಬ ವಕೀಲರು ಬಂದು ಟೇಪು ಹಿಡಿದು ಹೋದರು, ಅವರ ನಕ್ಷೆಯನ್ನು ಎರಡು ಕೋರ್ಟು ಎರಡು ಥರ ಓದಿದವು. ಅಷ್ಟೇ ಕೇಸು.

ಕೋವಿಡ್ ಆದಮೇಲೆ ವಿಡಿಯೋ ಕಲಾಪ ಬಂತು. ಅಪ್ಪ ಎರಡು ಸಲ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು, ಅದೇ ಇಸ್ತ್ರಿ ಷರ್ಟಿನಲ್ಲಿ. ಎರಡೂ ಸಲ ನಮ್ಮ ನಂಬರು ಬರಲಿಲ್ಲ. ‘ಇದಕ್ಕಿಂತ ರೈಲೇ ವಾಸಿ’ ಅಂದರು. ವಡೆಗೋಸ್ಕರ ಅಂತ ಅಮ್ಮ ರೇಗಿಸಿದಳು.

ಪಕ್ಕದ ಮನೆಯವರೂ ಈಗಿಲ್ಲ. ಅವರ ಜಾಗದಲ್ಲಿ ಅವರ ಮಗಳು, ಬೆಂಗಳೂರಿನಲ್ಲಿ ಕೆಲಸ, ನನ್ನ ವಯಸ್ಸೇ. ವಾರಸುದಾರರ ಅರ್ಜಿಯ ಕಾಗದ ನೋಡಿ ಅವಳೇ ಮೆಸೇಜು ಮಾಡಿದಳು. ಹೋದ ತಿಂಗಳು ಮೈಸೂರಿಗೆ ಬಂದಾಗ ಇಬ್ಬರೂ ಓಣಿಯ ಬಾಯಲ್ಲಿ ನಿಂತು ನೋಡಿದೆವು. ಒಳಗೆ ಒಂದು ಮುರಿದ ಸಿಂಕು, ಯಾರೂ ನೆಡದ ಒಂದು ಪರಂಗಿ ಗಿಡ. ಲೋಕ ಅದಾಲತ್‌ನಲ್ಲಿ ಎರಡೆರಡು ಅಡಿ ಅಂತ ಮುಗಿಸಿಬಿಡೋಣವಾ ಅಂದೆ. ಅವಳು ಅಮ್ಮನನ್ನು ಕೇಳಿ ಹೇಳ್ತೀನಿ ಅಂದಳು. ನಾನೂ ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಕಾಫಿ ಸೋಸುತ್ತಾ, ‘ನಿಮ್ಮಪ್ಪ ಬೆಂಗಳೂರಿಗೆ ಓಡಾಡಿದ್ದು ಎರಡಡಿಗಲ್ಲ’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಅವಳ ಅಮ್ಮ ಏನಂದ್ರಂತೆ?’ ಅಂತ ಕೇಳಿದಳು.