ಗಣಪತಿಯ ಮುಂದೆ ರಟ್ಟಿನ ಊರು

ಪ್ರಶ್ನೆ: ಸೀಬರ್ಡ್‌ಗಾಗಿ ನಾವು ಬಿಟ್ಟುಬಂದ ಕೇರಿಯನ್ನು ಮಗ ಚೌತಿಗೆಂದು ಹಳೆ ರಟ್ಟು, ಬೆಂಕಿಪೊಟ್ಟಣ, ಮೊಟ್ಟೆ ಟ್ರೇಗಳಲ್ಲಿ ಕಟ್ಟುತ್ತಿದ್ದಾನೆ. ಕಸದ ವಸ್ತು ದೇವರೆದುರು ಇಡಬಹುದೇ? ಹೋದ ಮನೆಯ ರೂಪ ಅಶುಭವೆಂದು ಅತ್ತೆ ಅಳುತ್ತಾರೆ.
– ಓದುಗರು, ಅಮದಳ್ಳಿ

ಉತ್ತರ: ಧಾರಾಳವಾಗಿ ಇಡಿ. ಮರದ ಪಾತ್ರೆ ಕೆತ್ತಿದರೆ ಶುದ್ಧಿ, ಮಣ್ಣಿನದು ಮತ್ತೆ ಸುಟ್ಟರೆ ಶುದ್ಧಿ ಎಂದಿದ್ದಾರೆ ಸ್ಮೃತಿಕಾರರು. ರಟ್ಟನ್ನು ಒರೆಸಿ, ಕತ್ತರಿಸಿ, ಕೆಮ್ಮಣ್ಣು ಬಳಿದರೆ ಸಾಕು. ಮೊಟ್ಟೆ ಟ್ರೇ ಮಾತ್ರ ಬೇಡ. ಹೆಂಚಿಗೆ ಅದೇ ಚೆಂದ ಅಂತ ಮಗ ಹಟ ಮಾಡಿಯಾನು. ಅಡಕೆ ಹಾಳೆ ಕೊಡಿ. ಪ್ರಾಣಪ್ರತಿಷ್ಠೆ ಮೂರ್ತಿಗೆ, ಈ ಮನೆಗಳಿಗಲ್ಲ; ವಾಸ್ತು ನೋಡಬೇಕಿಲ್ಲ, ಬಾಗಿಲು ಇದ್ದ ಕಡೆಗೇ ಇರಲಿ. ಪೀಠಕ್ಕಿಂತ ತಗ್ಗಿನಲ್ಲಿ, ದೀಪದಿಂದ ದೂರ ಇಡಿ.

ಇನ್ನು ಅತ್ತೆಯವರ ವಿಷಯ. 1986ರಲ್ಲಿ ಅಡಿಗಲ್ಲಿಟ್ಟ ಆ ನೌಕಾನೆಲೆಗಾಗಿ ಎಷ್ಟೋ ಮನೆಗಳು ಹೋದವು, ಅವರ ದುಃಖ ಸುಳ್ಳಲ್ಲ. ಆದರೆ ತೀರಿಹೋದ ಹಿರಿಯರನ್ನು ಶ್ರಾದ್ಧದಲ್ಲಿ ಹೆಸರು, ಗೋತ್ರ ಹೇಳಿ ಕರೆಯುತ್ತೇವಲ್ಲ, ಅದು ಅಶುಭವೇ? ಮನೆಯನ್ನು ನೆನೆಯುವುದೂ ಹಾಗೇ. ಅವರನ್ನೇ ಹತ್ತಿರ ಕೂರಿಸಿಕೊಳ್ಳಿ. ಬಾವಿ ಎಲ್ಲಿತ್ತು, ಪಕ್ಕದ ಮನೆ ಯಾರದು ಅಂತ ಮಗ ಕೇಳಲಿ. ತುಳಸಿಕಟ್ಟೆಯನ್ನು ಅವರ ಕೈಯಿಂದಲೇ ಇಡಿಸಿ. ಅತ್ತರೆ ಅಳಲಿ ಬಿಡಿ.

ವಿಸರ್ಜನೆಯ ದಿನ ಮೂರ್ತಿಯ ಜೊತೆ ಈ ಊರನ್ನೂ ನೀರಿಗೆ ಬಿಡಬೇಡಿ. ಬಟ್ಟೆ ಮುಚ್ಚಿ ಅಟ್ಟದಲ್ಲಿಡಿ, ಮುಂದಿನ ಚೌತಿಗೆ ಬೇಕಾಗುತ್ತದೆ.