ತೊಗಲಿನ ಋಣ

ನಮ್ಮ ಧಾರವಾಡದ ಕಡೆ ಯಾರಾದರೂ ದೊಡ್ಡ ಉಪಕಾರ ಮಾಡಿದರೆ, 'ನನ್ನ ತೊಗಲಿಂದ ಚಪ್ಪಲಿ ಮಾಡಿಸಿ ಹಾಕಿದ್ರೂ ನಿಮ್ಮ ಋಣ ತೀರೂದಿಲ್ರೀ' ಅನ್ನುತ್ತೇವೆ. ಅಂದು ಮರೆತುಬಿಡುತ್ತೇವೆ. ಅಪ್ಪ ಮಾತ್ರ ಮರೆಯುತ್ತಿರಲಿಲ್ಲ. ಈ ಮಾತು ಕಿವಿಗೆ ಬಿದ್ದರೆ ಸಾಕು, ಹರಳಯ್ಯನ ಕಥೆ ತೆಗೆಯುತ್ತಿದ್ದರು. ಹರಳಯ್ಯ ಒಮ್ಮೆ ಶರಣು ಅಂದದ್ದಕ್ಕೆ ಬಸವಣ್ಣ ಎರಡು ಸಲ, 'ಶರಣು ಶರಣಾರ್ಥಿ' ಅಂದನಂತೆ. ಆ ಹೆಚ್ಚಿನ ಒಂದು ಶರಣಿನ ಭಾರ ತಾಳಲಾರದೆ ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರಂತೆ. ಡೊಂಬಿವಲಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಕೂತು ನನ್ನ ಮಗಳಿಗೂ ಇದನ್ನು ಎಷ್ಟು ಸಲ ಹೇಳಿದ್ದರೋ.

ಅಪ್ಪ 2014ರಲ್ಲಿ ಇಲ್ಲಿಯ ಆಸ್ಪತ್ರೆಯಲ್ಲೇ ತೀರಿಕೊಂಡರು. ಅವರ ಇಚ್ಛೆಯಂತೆ ಕಣ್ಣು ಕೊಟ್ಟೆವು. ಆಗ ಒಬ್ಬ ಹೆಣ್ಣುಮಗಳು ಬಂದು, ಚರ್ಮ ಕೊಡುತ್ತೀರಾ ಅಂತ ಮೆಲ್ಲಗೆ ಕೇಳಿದಳು. ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ 2000ದಿಂದ ಚರ್ಮದ ಬ್ಯಾಂಕ್ ಇದೆ ಅನ್ನುವುದು ನನಗೆ ಗೊತ್ತಾದದ್ದೇ ಆವತ್ತು. ತೀರಿಕೊಂಡ 6 ತಾಸಿನೊಳಗೆ ತೊಡೆ, ಕಾಲು, ಬೆನ್ನಿನಿಂದ ಮೇಲಿನ ತೆಳು ಪದರ ಮಾತ್ರ ತೆಗೆಯುತ್ತಾರೆ. ಮುಖ, ಕೈ ಮುಟ್ಟುವುದಿಲ್ಲ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಗ್ಲಿಸರಾಲ್‌ನಲ್ಲಿ ತಂಪಾಗಿ ಇಟ್ಟರೆ 5 ವರ್ಷದವರೆಗೂ ಕೆಡುವುದಿಲ್ಲ. ಸುಟ್ಟು ಬಂದವರ ಜೀವ ಉಳಿಯುತ್ತದೆ.

ನಾನು ಊರಿಗೆ ಫೋನ್ ಮಾಡಿದೆ. ಕಾಕಾ ಒಂದೇ ಮಾತು ಕೇಳಿದರು: 'ಕಣ್ಣು ಕೊಟ್ಟಿದ್ದು ಆತು. ಇನ್ನ ತೊಗಲು ಸುಲಿಸಿ ತಂದು ಮಂದಿ ಮುಂದ ಹೆಂಗ ಕೂಡಸ್ತಿಯೋ ಅವನ್ನ?'

ನಮ್ಮಲ್ಲಿ ದೇಹವನ್ನು ಕೂಡಿಸಿ ಪೂಜೆ ಮಾಡಿ ಮಣ್ಣು ಕೊಡುತ್ತಾರೆ. ಪಟ್ಟಿ ಕಟ್ಟಿದ ಕಾಲು ಧೋತರದೊಳಗೆ ಕಾಣುತ್ತಲೂ ಇರಲಿಲ್ಲ. ಆದರೂ ಮೂವತ್ತು ವರ್ಷ ಪರಊರಲ್ಲಿ ಇದ್ದವನಿಗೆ ಊರಿನ ಅಂಜಿಕೆ ಊರಲ್ಲಿದ್ದವರಿಗಿಂತ ಹೆಚ್ಚು. ಅಪ್ಪನನ್ನು ಇದ್ದಂತೆಯೇ ತಂದು ಒಪ್ಪಿಸಿದೆ ಅನ್ನಿಸಿಕೊಳ್ಳಬೇಕಿತ್ತು. ಬೇಡ ಅಂದೆ. ಆಕೆ ಒತ್ತಾಯ ಮಾಡಲಿಲ್ಲ. ಕೈ ಮುಗಿದು ಹೋದಳು.

ಈಚೆಗೆ ಒಂದು ವಿಷಯ ಓದಿದೆ. ಗಾಯದ ಮೇಲೇ ನೇರವಾಗಿ ಜೀವಂತ ಚರ್ಮವನ್ನು ಅಚ್ಚು ಹಾಕುವ ಯಂತ್ರವನ್ನು ಅಮೆರಿಕದ ವೇಕ್ ಫಾರೆಸ್ಟ್ ಸಂಸ್ಥೆಯವರು ಮಾಡಿದ್ದಾರೆ. ಗಾಲಿಯ ಮೇಲೆ ರೋಗಿಯ ಮಂಚದ ಹತ್ತಿರ ತಳ್ಳಿಕೊಂಡು ಬರುವಂಥದ್ದು. ಅದು ಗಾಯದ ಅಗಲ, ಆಳ ಅಳೆದು, ರೋಗಿಯದೇ ಜೀವಕೋಶಗಳನ್ನು ಒಳಚರ್ಮದ್ದು ಕೆಳಗೆ, ಹೊರಚರ್ಮದ್ದು ಮೇಲೆ, ಹೀಗೆ ಪದರ ಪದರವಾಗಿ ಬಿಡುತ್ತದೆ. ಹಂದಿಗಳ ಮೇಲೆ ಮಾಡಿದ ಪ್ರಯೋಗದ ವರದಿ 2019ರಲ್ಲಿ ಬಂತು. 2025ರಲ್ಲಿ ಕ್ಯಾಲ್‌ಟೆಕ್‌ನವರು ಇನ್ನೂ ಮುಂದೆ ಹೋದರು. ದ್ರವವನ್ನು ಮೈಯೊಳಗೆ ಚುಚ್ಚಿ, ಹೊರಗಿನಿಂದ ಶ್ರವಣಾತೀತ ಧ್ವನಿ ಹಾಯಿಸಿ, ಬೇಕಾದ ಜಾಗದಲ್ಲಿ ಬೇಕಾದ ಆಕಾರಕ್ಕೆ ಅದನ್ನು ಗಟ್ಟಿ ಮಾಡಿದರು. ಅದೂ ಇಲಿ, ಮೊಲಗಳಲ್ಲಿ. ಕತ್ತರಿಯೇ ಬೇಡ!

ಓದಿ ನನಗೆ ಎಂಥದೋ ಹಗುರಾಯಿತು. ಇನ್ನು ಯಾರೂ ಯಾರ ತೊಗಲನ್ನೂ ಕೇಳಬೇಕಾಗಿಲ್ಲ, ಅವರವರ ಗಾಯಕ್ಕೆ ಅವರವರದೇ ಚರ್ಮ ಅಂತ. ಆಮೇಲೆ ಆ ಹಗುರಿನ ಬಗ್ಗೆಯೇ ಅನುಮಾನ ಬಂತು. ಸುಟ್ಟವರು ಬದುಕುತ್ತಾರಲ್ಲ ಎಂಬ ಸಂತೋಷ ಅದರಲ್ಲಿ ಎಷ್ಟಿತ್ತು? ನಾನು ಕೊಡದೆ ಇದ್ದದ್ದು ಜಗತ್ತಿಗೇ ಬೇಡವಾದರೆ, ಕೊಡದೆ ಇದ್ದದ್ದು ತಪ್ಪೇ ಅಲ್ಲ ಎಂಬ ಲೆಕ್ಕವೇ ಹೆಚ್ಚು ಇರಲಿಲ್ಲವೇ?

ಲೆಕ್ಕವೂ ಸರಿ ಇರಲಿಲ್ಲ. ಯಂತ್ರಕ್ಕೆ ರೋಗಿಯ ಜೀವಕೋಶ ಬೇಕು. ಚೂರು ಚರ್ಮ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುವುದಕ್ಕೆ ವಾರಗಳೇ ಹಿಡಿಯುತ್ತವೆ. ಮೈಯೆಲ್ಲ ಬೆಂದವನಿಗೆ ಅಷ್ಟು ದಿನ ಎಲ್ಲಿದೆ? ಮೈಯ ನೀರು ಸೋರುತ್ತದೆ, ನಂಜು ಏರುತ್ತದೆ. ಆ ವಾರಗಳಲ್ಲಿ ಅವನನ್ನು ಮುಚ್ಚಿ ಕಾಯುವುದು ಇನ್ನೊಬ್ಬರು ಬಿಟ್ಟುಹೋದ ಚರ್ಮ. ಅದು ಅವನ ಮೈಗೆ ಕಾಯಂ ಆಗಿ ಅಂಟುವುದೂ ಇಲ್ಲ. ಎರಡು ಮೂರು ವಾರ ಇದ್ದು, ಗಾಯ ಹದಕ್ಕೆ ಬರುವವರೆಗೆ ಕಾದು, ಉದುರಿಹೋಗುತ್ತದೆ. ಯಾರದಿತ್ತೋ, ಅವನಿಗೆ ಗೊತ್ತೂ ಆಗುವುದಿಲ್ಲ.

ಪರಊರಿನಲ್ಲಿ ಬಾಳಿದವರಿಗೆ ಇದು ಹೊಸದೇನಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಮರಾಠಿ ಕಾಕೂ ಹತ್ತು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಗೊಡಲಿಲ್ಲ. ಭಾಕರಿ, ಪಿಠಲ ಅವರೇ ತಂದಿಟ್ಟರು. ವರ್ಷದೊಳಗೆ ಅವರು ಮನೆ ಬದಲಿಸಿ ಹೋದರು. ಆಮೇಲೆ ಭೇಟಿಯಾಗಿಲ್ಲ. ಆ ಋಣ ಅವರಿಗೇ ತಿರುಗಿಸುವುದು ಸಾಧ್ಯವಿಲ್ಲ. ಬೇರೆ ಯಾರಿಗೋ ಸಲ್ಲಿಸಬೇಕು.

ಯಂತ್ರ ಬರಲಿ, ಬೇಗ ಬರಲಿ. ಅದು ಹಂದಿ, ಮೊಲ ದಾಟಿ ನಮ್ಮ ಸರಕಾರಿ ದವಾಖಾನೆಯ ವಾರ್ಡಿಗೂ ಬರಲಿ. ಮುಂದೊಂದು ದಿನ ಆ ಕಾಯುವ ವಾರಗಳೂ ಬೇಡವಾಗಬಹುದು. ಆದರೆ ಇವತ್ತು ರಾತ್ರಿ ಸ್ಟೋವ್ ಸಿಡಿದು ಬಂದವಳಿಗೆ ಮುಂದೊಂದು ದಿನದ ಯಂತ್ರ ಹೊದಿಕೆಯಾಗುವುದಿಲ್ಲ. ನಾಳೆ ಬೇಕಾಗಲಿಕ್ಕಿಲ್ಲ ಎಂಬ ಕಾರಣಕ್ಕೆ ಇವತ್ತು ಕೊಡದಿರುವುದು ಜಾಣತನ ಇರಬಹುದು, ಧರ್ಮ ಅಲ್ಲ. ಅಪ್ಪನ ಕಥೆ ಸಾವಿರ ಸಲ ಕೇಳಿದ ನಾನು, ಅಪ್ಪನ ತೊಡೆಯ ಚರ್ಮ ಕೇಳಿದಾಗ ಆ ಕಥೆ ನೆನಪಿಸಿಕೊಳ್ಳಲಿಲ್ಲ. ನೋವಿಲ್ಲದೆ, ನೆತ್ತರಿಲ್ಲದೆ ಹರಳಯ್ಯನಾಗುವ ಅವಕಾಶ ಇತ್ತು ಅಪ್ಪನಿಗೆ. ಅದನ್ನು ತಪ್ಪಿಸಿದವನು ನಾನು.

ನನ್ನದಕ್ಕೆ ಒಪ್ಪಿಗೆಯ ಕಾಗದ ತುಂಬಿ ಕೊಟ್ಟಿದ್ದೇನೆ. ಅದಷ್ಟೇ ಸಾಲದು, ಆ ಹೊತ್ತಿನಲ್ಲಿ ಮನೆಯವರು ಹೂಂ ಅನ್ನಬೇಕು. ಅದಕ್ಕೇ ಮಗಳನ್ನು ಕೂಡಿಸಿಕೊಂಡು ಹೇಳಿದೆ: 'ಊರಿಗೆ ಒಯ್ಯೂದಿದ್ರ ಒಯ್ರಿ. ಆದ್ರ ಕಾಲಿನ ಪಟ್ಟಿ ಮುಚ್ಚಬ್ಯಾಡ್ರಿ. ಯಾರರ ಕೇಳಿದ್ರ ಅಜ್ಜನ ಕಥಿ ಹೇಳು.'